ಪೆನ್ಸಿಲ್‌ನಲ್ಲಿ ಬರೆದ 2,20,761 ಹೆಸರು

(ನಮ್ಮ ಓದುಗರ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಆದರೆ ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎರಡು ತಾರೀಕಿನಿಂದ ಶುರು ಮಾಡುತ್ತೇನೆ. ಮೊದಲನೆಯದು 1983ರ ಅಕ್ಟೋಬರ್ 12. ಅವತ್ತು ಟೋಕಿಯೋದ ಜಿಲ್ಲಾ ನ್ಯಾಯಾಲಯ ಜಪಾನಿನ ಮಾಜಿ ಪ್ರಧಾನಿಯೊಬ್ಬರಿಗೆ ಶಿಕ್ಷೆ ಕೊಟ್ಟಿತು. ನಾಲ್ಕು ವರ್ಷ ಜೈಲು, 50 ಕೋಟಿ ಯೆನ್ ದಂಡ. ತಪ್ಪು ಏನು ಅಂದರೆ ಪ್ರಧಾನಿ ಕುರ್ಚಿಯಲ್ಲಿ ಕೂತಿದ್ದಾಗ ವಿಮಾನ ಕಂಪನಿಯಿಂದ ಲಂಚ ತಿಂದಿದ್ದು. ಎರಡನೆಯದು ಅದೇ ವರ್ಷದ ಡಿಸೆಂಬರ್ 18. ಅವತ್ತು ಸಂಸತ್ತಿಗೆ ಚುನಾವಣೆ. ಮೇಲ್ಮನವಿ ಹಾಕಿ ಜಾಮೀನಿನಲ್ಲಿ ಹೊರಗಿದ್ದ ಅದೇ ಮನುಷ್ಯ ತನ್ನ ಕ್ಷೇತ್ರದಲ್ಲಿ ಮತ್ತೆ ನಿಂತರು. ಬಿದ್ದ ಮತ 2,20,761. ಅವರು ಜೀವಮಾನದಲ್ಲೇ ಪಡೆದ ಅತಿ ಹೆಚ್ಚು ಮತ ಅದು. ಎದುರು ನಿಂತಿದ್ದವರಲ್ಲಿ ಟೋಕಿಯೋದ ಒಬ್ಬ ಹೆಸರಾಂತ ಕಾದಂಬರಿಕಾರರೂ ಇದ್ದರು. ಭ್ರಷ್ಟಾಚಾರವನ್ನು ಅವರ ಊರಲ್ಲೇ ಎದುರಿಸುತ್ತೇನೆ ಅಂತ ಬಂದವರು. ಹತ್ತಿರಕ್ಕೂ ಬರಲಿಲ್ಲ.

ಇನ್ನೊಂದು ಸಣ್ಣ ಸಂಗತಿ ಹೇಳಬೇಕು. ಜಪಾನಿನಲ್ಲಿ ಮತ ಹಾಕುವುದು ಅಂದರೆ ನಮ್ಮ ಹಾಗೆ ಗುಂಡಿ ಒತ್ತುವುದಲ್ಲ. ಮರೆಯಲ್ಲಿ ನಿಂತು, ಖಾಲಿ ಚೀಟಿಯ ಮೇಲೆ, ಅಭ್ಯರ್ಥಿಯ ಹೆಸರನ್ನು ಪೆನ್ಸಿಲ್ ಹಿಡಿದು ಕೈಯಾರೆ ಬರೆಯಬೇಕು. ಅಂದರೆ ಎರಡು ಲಕ್ಷ ಇಪ್ಪತ್ತು ಸಾವಿರ ಜನ, ತೀರ್ಪು ಬಂದು ಎರಡೂಕಾಲು ತಿಂಗಳೂ ಆಗದಿರುವಾಗ, ಒಂದೊಂದೇ ಅಕ್ಷರ ಬಿಡಿಸಿ ಆ ಹೆಸರು ಬರೆದರು. ತನಾಕಾ ಕಾಕುಏ. (ಜಪಾನಿನಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಅವರ ಊರಿನವರಿಗೆ ಆತ ಬರೀ 'ಕಾಕು-ಸಾನ್'.)

ಟೋಕಿಯೋದ ಪತ್ರಿಕೆಗಳು ಅವತ್ತು ತಲೆ ಚಚ್ಚಿಕೊಂಡವು. ಹಳ್ಳಿ ಜನಕ್ಕೆ ಬುದ್ಧಿ ಇಲ್ಲ, ನಾಚಿಕೆ ಇಲ್ಲ ಅಂದವು. ನಾನೂ ಮೊದಲು ಓದಿದಾಗ ಹಾಗೇ ಅಂದುಕೊಂಡಿದ್ದೆ. ಈಗ ಅಷ್ಟು ಸುಲಭವಾಗಿ ಹಾಗೆನ್ನಲು ಆಗುವುದಿಲ್ಲ. ಯಾಕೆ ಅಂತ ಹೇಳುವುದಕ್ಕೇ ಇವತ್ತು ನಿಂತಿರುವುದು.

ಹಿಮದಿಂದ ಶುರು ಮಾಡಬೇಕು. ಜಪಾನಿನ ನಕ್ಷೆ ಕಣ್ಣ ಮುಂದೆ ತಂದುಕೊಳ್ಳಿ. ಉದ್ದುದ್ದ ನಡುವೆ ಬೆಟ್ಟದ ಸಾಲು. ಒಂದು ಕಡೆ ಪೆಸಿಫಿಕ್ ಸಾಗರ. ಟೋಕಿಯೋ, ನಗೋಯಾ, ಒಸಾಕಾ ಎಲ್ಲ ಆ ಮಗ್ಗುಲಲ್ಲಿ. ಇನ್ನೊಂದು ಕಡೆ ಜಪಾನ್ ಸಮುದ್ರ, ಅದರಾಚೆ ಸೈಬೀರಿಯಾ. ಚಳಿಗಾಲದಲ್ಲಿ ಸೈಬೀರಿಯಾದ ಒಣ ಗಾಳಿ ಸಮುದ್ರ ದಾಟುವಾಗ ನೀರು ಕುಡಿದು, ಬೆಟ್ಟಕ್ಕೆ ಬಡಿದು, ಹೊತ್ತು ತಂದದ್ದನ್ನೆಲ್ಲ ಅಲ್ಲೇ ಸುರಿಯುತ್ತದೆ. ಬೆಟ್ಟದ ಈಚೆ ಟೋಕಿಯೋದಲ್ಲಿ ಜನವರಿ ತಿಂಗಳು ಬಿಸಿಲು, ನೀಲಿ ಆಕಾಶ. ಆಚೆ ನೀಗಾತಾ ಪ್ರಾಂತ್ಯದಲ್ಲಿ ಆಳೆತ್ತರ, ಕೆಲವು ವರ್ಷ ಎರಡಾಳೆತ್ತರ ಹಿಮ. ನಮ್ಮ ಮಲೆನಾಡಿನ ಜಡಿಮಳೆಗೆ ಹೋಲಿಸೋಣ ಅಂತ ಹೊರಟು ಕೈಬಿಟ್ಟೆ. ಮಳೆ ಹರಿದು ಹೋಗುತ್ತದೆ. ಹಿಮ ಹೋಗುವುದಿಲ್ಲ. ಮಾಡಿನ ಮೇಲೆ ಕೂರುತ್ತದೆ, ದಿನಾ ಎತ್ತಿ ಹಾಕದಿದ್ದರೆ ಮನೆ ಮುರಿದು ಬೀಳುತ್ತದೆ.

ಅಲ್ಲಿ ವರ್ಷಕ್ಕೊಂದೇ ಬೆಳೆ, ಭತ್ತ. ಹಿಮ ಬಿದ್ದ ಮೇಲೆ ಗಂಡಸರು ಊರು ಬಿಟ್ಟು ಟೋಕಿಯೋ ಕಡೆ ಕೂಲಿಗೆ ಹೋಗಬೇಕು. ಇದಕ್ಕೆ 'ದೆಕಾಸೆಗಿ' ಅನ್ನುತ್ತಾರೆ, ಹೊರಗೆ ಹೋಗಿ ದುಡಿಯುವುದು ಅಂತ. ಹೆಂಗಸರು, ಮುದುಕರು, ಮಕ್ಕಳು ಹಿಮದೊಳಗೆ. ಯಾರಿಗಾದರೂ ಹುಷಾರು ತಪ್ಪಿದರೆ ಬೆನ್ನ ಮೇಲೆ ಹೊತ್ತು ಕಣಿವೆ ದಾಟಬೇಕು. ಪೆಸಿಫಿಕ್ ಮಗ್ಗುಲಿನವರು ಈ ಸೀಮೆಗೆ ಇಟ್ಟ ಹೆಸರು 'ಊರಾ ನಿಹೋನ್'. ಹಿತ್ತಿಲ ಜಪಾನ್ ಅಂತ ಹೇಳಬಹುದು. ಆ ಮಾತಿನಲ್ಲಿರುವ ತಾತ್ಸಾರ ಅಲ್ಲಿಯವರಿಗೆ ಚೆನ್ನಾಗಿ ಗೊತ್ತಿತ್ತು.

ಈ ಹಿತ್ತಿಲಲ್ಲಿ, ಫುತಾದಾ ಅನ್ನುವ ಹಳ್ಳಿಯಲ್ಲಿ, 1918ರ ಮೇ 4ರಂದು ಕಾಕುಏ ಹುಟ್ಟಿದ್ದು. ಅಪ್ಪ ದನ, ಕುದುರೆ ವ್ಯಾಪಾರಿ. ಕನಸು ದೊಡ್ಡದು, ಕೈಗೆ ಹತ್ತಿದ್ದು ಕಮ್ಮಿ. ಹೊರದೇಶದ ಹಾಲಿನ ಹಸು ತರಿಸಿ ಕೈ ಸುಟ್ಟುಕೊಂಡರು, ರೇಸ್ ಕುದುರೆಯಲ್ಲಿ ಇನ್ನಷ್ಟು ಕಳೆದರು. ಮನೆ ನಿಂತದ್ದು ಗದ್ದೆಯಲ್ಲಿ ದುಡಿದ ತಾಯಿಯ ಮೇಲೆ.

ಹುಡುಗನಿಗೆ ಉಗ್ಗು. ಎರಡು ವರ್ಷದವನಿದ್ದಾಗ ಗಂಟಲಮಾರಿ ಬಂದು ಸಾವಿನ ಬಾಯಿಂದ ಉಳಿದಿದ್ದ, ಆಮೇಲೆ ಮಾತು ತೊದಲತೊಡಗಿತು. ಮಾತಾಡಿದರೆ ತಡವರಿಸುತ್ತಿದ್ದ, ಹಾಡಿದರೆ ಇಲ್ಲ. ಅದನ್ನು ಅವನೇ ಕಂಡುಕೊಂಡು 'ನಾನಿವಾಬುಶಿ' ಅನ್ನುವ ಕಥೆ ಹಾಡುವ ಪದ್ಧತಿಯನ್ನು ಕಲಿತ. ನಮ್ಮ ಲಾವಣಿ, ಹರಿಕಥೆಗೆ ಹತ್ತಿರದ್ದು. ಶಾಲೆಯ ನಾಟಕದಲ್ಲಿ ಬೆಂಕೇ ಅನ್ನುವ ಯೋಧ ಸನ್ಯಾಸಿಯ ಪಾತ್ರವನ್ನು ಕಾಡಿ ಬೇಡಿ ಪಡೆದು, ಮಾತಿಗೆ ರಾಗ ಕೂಡಿಸಿ, ಒಂದೂ ತೊದಲದೆ ಮುಗಿಸಿದ. ಆ ಪಾತ್ರದ ಕತೆ ನಿಮಗೆ ಹೇಳಲೇಬೇಕು. ಬೆಂಕೇ ತನ್ನ ಒಡೆಯನನ್ನು ವೇಷ ಮರೆಸಿ ಕರೆದೊಯ್ಯುತ್ತಿರುವಾಗ ಗಡಿ ಕಾವಲಿನವರು ತಡೆಯುತ್ತಾರೆ. ನಾವು ದೇವಸ್ಥಾನಕ್ಕೆ ದೇಣಿಗೆ ಎತ್ತುವವರು ಅನ್ನುತ್ತಾನೆ. ಹಾಗಾದರೆ ದೇಣಿಗೆಯ ಪತ್ರ ಓದು ಅಂತಾರೆ. ಅವನು ಏನೂ ಬರೆದಿರದ ಖಾಲಿ ಸುರುಳಿ ಬಿಚ್ಚಿ, ಎಲ್ಲ ಬರೆದಿರುವ ಹಾಗೆ ಗಟ್ಟಿ ದನಿಯಲ್ಲಿ ಓದಿಬಿಡುತ್ತಾನೆ! ದೇಣಿಗೆಯ ಖಾಲಿ ಪಟ್ಟಿಯನ್ನು ಧೈರ್ಯದಿಂದ ಓದುವ ಪಾತ್ರ. ಮುಂದೆ ಈ ಹುಡುಗ ಏನಾದ ಅಂತ ಗೊತ್ತಿರುವವರಿಗೆ ನಗು ಬರದೆ ಇರುತ್ತದಾ.

ಓದಿದ್ದು ಹಿರಿಯ ಪ್ರಾಥಮಿಕ ಶಾಲೆಯವರೆಗೆ, ಅಷ್ಟೇ. 1934ರಲ್ಲಿ ಟೋಕಿಯೋಗೆ ಬಂದು ಹಗಲು ಕೂಲಿ, ರಾತ್ರಿ ಶಾಲೆಯಲ್ಲಿ ಕಟ್ಟಡದ ಕೆಲಸ ಕಲಿತರು. ಹತ್ತೊಂಬತ್ತಕ್ಕೆ ಸ್ವಂತ ಕಚೇರಿ ತೆರೆದರು. ಸೈನ್ಯಕ್ಕೆ ಎಳೆದುಕೊಂಡರು, ಮಂಚೂರಿಯಾದ ಕುದುರೆ ದಳ. ಅಲ್ಲಿ ಶ್ವಾಸಕೋಶದ ಕಾಯಿಲೆ ಬಿದ್ದು ಸತ್ತೇ ಹೋಗುವ ಹಂತ ತಲುಪಿ 1941ರಲ್ಲಿ ವಾಪಸ್. ಮರು ವರ್ಷ, ತಾನು ಬಾಡಿಗೆಗಿದ್ದ ಮನೆಯ ಮಗಳು ಹಾನಾ ಜೊತೆ ಮದುವೆ. ಆಕೆ ಏಳೆಂಟು ವರ್ಷ ದೊಡ್ಡವಳು, ಮೊದಲ ಮದುವೆ ಮುರಿದಿತ್ತು. ಮದುವೆಗೆ ಆಕೆ ಮೂರು ಷರತ್ತು ಹಾಕಿದಳು ಅಂತ ತನಾಕಾ ತಾವೇ ಹೇಳಿಕೊಂಡಿದ್ದಾರೆ. ಮನೆಯಿಂದ ಹೊರಡು ಅನ್ನಬಾರದು, ಒದೆಯಬಾರದು, ಮುಂದೆ ಯಾವತ್ತಾದರೂ ದೊಡ್ಡ ಮನುಷ್ಯನಾಗಿ ಚಕ್ರವರ್ತಿಯ ಅರಮನೆಯ ಸೇತುವೆ ದಾಟುವ ದಿನ ಬಂದರೆ ನನ್ನನ್ನೂ ಕರೆದುಕೊಂಡು ಹೋಗಬೇಕು. ಎರಡನೇ ಷರತ್ತು ಕೇಳಿದಾಗಲೆಲ್ಲ ನನಗೆ ಆ ಕಾಲದ ಹೆಂಗಸರ ಪಾಡು ನೆನಪಾಗುತ್ತದೆ.

ಯುದ್ಧದ ಕೊನೆಯ ವರ್ಷ ಒಂದು ದೊಡ್ಡ ಗುತ್ತಿಗೆ ಸಿಕ್ಕಿತು. ಒಂದು ಕಾರ್ಖಾನೆಯನ್ನು ಕೊರಿಯಾಗೆ ಸಾಗಿಸುವ ಕೆಲಸ. ಕೆಲಸ ನಡೆಯುತ್ತಿದ್ದಾಗಲೇ ಜಪಾನ್ ಸೋತಿತು. ಆ ಹಣದ ಲೆಕ್ಕದ ಬಗ್ಗೆ ಗುಸುಗುಸು ಇವತ್ತಿಗೂ ನಿಂತಿಲ್ಲ. ಅದನ್ನು ಬಿಟ್ಟು ಮುಂದೆ ಹೋಗೋಣ.

1946ರ ಚುನಾವಣೆಯಲ್ಲಿ ಮೊದಲ ಸಲ ನಿಂತು ಸೋತರು. ಆಗ ಹಳ್ಳಿ ಹಳ್ಳಿಯಲ್ಲಿ ಮಾಡಿದ ಭಾಷಣ ಮಾತ್ರ ಜನರ ಬಾಯಲ್ಲಿ ಉಳಿಯಿತು. 'ಆ ಮಿಕುನಿ ಕಣಿವೆಯ ಬೆಟ್ಟವನ್ನು ಡೈನಮೈಟ್ ಇಟ್ಟು ಉಡಾಯಿಸಿಬಿಡೋಣ. ಗಾಳಿ ನೇರ ಆ ಕಡೆ ಹೋಗುತ್ತದೆ, ನಮಗೆ ಹಿಮವೇ ಬೀಳುವುದಿಲ್ಲ. ಒಡೆದ ಮಣ್ಣನ್ನು ಸಮುದ್ರಕ್ಕೆ ಸುರಿದು ಸಾದೋ ದ್ವೀಪವನ್ನು ನಮ್ಮ ನೆಲಕ್ಕೆ ಸೇರಿಸೋಣ.' ಹೀಗಿತ್ತಂತೆ ಅದರ ಧಾಟಿ. ತಮಾಷೆ ಅಲ್ವಾ? ಕೇಳಿದವರೂ ಬಿದ್ದು ಬಿದ್ದು ನಕ್ಕರು. ಆದರೆ ಹಿಮ ಅನ್ನುವುದು ಹಣೆಬರಹವಲ್ಲ, ಅದಕ್ಕೂ ಏನಾದರೂ ಮಾಡಬಹುದು ಅಂತ ಅವರ ಮುಂದೆ ನಿಂತು ಹೇಳಿದ ರಾಜಕಾರಣಿ ಈತ. ಮರು ವರ್ಷ, 28ನೇ ವಯಸ್ಸಿಗೆ, ಗೆದ್ದರು.

ಗೆದ್ದು ಎರಡು ವರ್ಷ ತುಂಬುವುದರೊಳಗೆ ಜೈಲು! ಕಲ್ಲಿದ್ದಲು ಗಣಿಗಳ ರಾಷ್ಟ್ರೀಕರಣದ ಮಸೂದೆ ತಡೆಯಲು ಗಣಿ ಮಾಲೀಕರಿಂದ ಹಣ ತಗೊಂಡರು ಅಂತ 1948ರ ಡಿಸೆಂಬರಿನಲ್ಲಿ ಬಂಧನ. ಮರು ತಿಂಗಳೇ ಚುನಾವಣೆ. ಸೆರೆಯಲ್ಲಿದ್ದುಕೊಂಡೇ ಅರ್ಜಿ ಹಾಕಿ, ಮತದಾನಕ್ಕೆ ಕೆಲವೇ ದಿನ ಮುಂಚೆ ಜಾಮೀನು ಪಡೆದು, ಹಿಮದಲ್ಲಿ ಓಡಾಡಿ ಗೆದ್ದರು. ಆ ಕೇಸಿನಲ್ಲಿ 1951ರಲ್ಲಿ ಹೈಕೋರ್ಟ್ ಬಿಡುಗಡೆ ಮಾಡಿತು. ಇದನ್ನು ನೆನಪಿಟ್ಟುಕೊಳ್ಳಿ. 1983ರಲ್ಲಿ ಟೋಕಿಯೋ ಬಾಯಿ ಬಾಯಿ ಬಡಿದುಕೊಂಡಾಗ, ನೀಗಾತಾದ ಮುದುಕರು ಈ ನಾಟಕವನ್ನು ಒಮ್ಮೆ ನೋಡಿದ್ದರು.

ಈಗ ಆ ಮನುಷ್ಯ ಮಾಡಿದ ಕೆಲಸಕ್ಕೆ ಬರೋಣ. ಲಂಚದ ಕತೆ ಎಲ್ಲರೂ ಹೇಳುತ್ತಾರೆ, ಈ ಭಾಗ ಹೇಳುವವರು ಕಮ್ಮಿ.

ಜಪಾನಿನ ಸಂಸತ್ತಿನಲ್ಲಿ ಹೆಚ್ಚಿನ ಮಸೂದೆ ಬರೆಯುವುದು ಅಧಿಕಾರಿಗಳು. ಸದಸ್ಯರು ಸ್ವಂತವಾಗಿ ಮಸೂದೆ ತರುವುದು ಅಪರೂಪ. ಶಾಲೆ ಬಿಟ್ಟ ಈ ಗುತ್ತಿಗೆದಾರ ತಮ್ಮ ಕೈಯಾರೆ ತಂದು ಪಾಸು ಮಾಡಿಸಿದ್ದು 33 ಕಾನೂನು. ಅದರಲ್ಲಿ ರಸ್ತೆಗೆ ಸಂಬಂಧಿಸಿದ್ದೇ ಮುಖ್ಯ. 1953ರಲ್ಲಿ ಬಂದ ಒಂದು ಕಾನೂನು ಪೆಟ್ರೋಲ್ ಮೇಲಿನ ತೆರಿಗೆಯನ್ನು ರಸ್ತೆಗೇ ಖರ್ಚು ಮಾಡಬೇಕು ಅಂತ ಕಟ್ಟಿಹಾಕಿತು. ಇದರ ಜಾಣತನ ನೋಡಿ. ಕಾರು ಜಾಸ್ತಿ ಆದರೆ ಪೆಟ್ರೋಲ್ ಜಾಸ್ತಿ, ಪೆಟ್ರೋಲ್ ಜಾಸ್ತಿ ಆದರೆ ರಸ್ತೆಗೆ ಹಣ ಜಾಸ್ತಿ, ರಸ್ತೆ ಆದರೆ ಮತ್ತೆ ಕಾರು. ವರ್ಷ ವರ್ಷ ಹಣಕಾಸು ಇಲಾಖೆಯ ಬಾಗಿಲು ಬಡಿಯಬೇಕಿಲ್ಲ. ಈ ವ್ಯವಸ್ಥೆ 2009ರವರೆಗೆ ನಡೆಯಿತು. ಕಾರು ಓಡುತ್ತಿದ್ದದ್ದು ಟೋಕಿಯೋ ಒಸಾಕಾ ಕಡೆ, ರಸ್ತೆ ಸಿಕ್ಕಿದ್ದು ಹಿತ್ತಿಲ ಜಪಾನಿಗೂ. ಹಾಗೇ ಹಿಮದ ಸೀಮೆಯ ರಸ್ತೆಗಳಿಗೆ, ಹಿಮ ತೆಗೆಯುವುದಕ್ಕೆ ಸರ್ಕಾರದ ದುಡ್ಡು ಬರುವ ಹಾಗೆ 1956ರಲ್ಲಿ ಇನ್ನೊಂದು ಕಾನೂನು ಬಂತು.

ನಾನು ಒಂದು ಚಳಿಗಾಲ ಅವರ ಕ್ಷೇತ್ರದ ದೊಡ್ಡ ಊರು ನಾಗಾವೋಕಾಗೆ ಹೋಗಿದ್ದೆ. ಅಲ್ಲಿ ರಸ್ತೆಗಳ ನಡುವೆ ಸಾಲಾಗಿ ಸಣ್ಣ ಸಣ್ಣ ತೂತುಗಳು. ಹಿಮ ಬೀಳತೊಡಗಿದ ಕೂಡಲೇ ಅವುಗಳಿಂದ ಅಂತರ್ಜಲ ಕಾರಂಜಿ ಹಾಗೆ ಚಿಮ್ಮುತ್ತದೆ. ನೆಲದಡಿಯ ನೀರು ಅಷ್ಟು ತಣ್ಣಗಿರುವುದಿಲ್ಲವಲ್ಲ, ಬಿದ್ದ ಹಿಮ ಅಲ್ಲೇ ಕರಗಿ ಹೋಗುತ್ತದೆ. ಈ ಉಪಾಯ ಹುಟ್ಟಿದ್ದೇ ಆ ಊರಲ್ಲಿ. ನೀರಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ರಸ್ತೆಗಳಿಗೆಲ್ಲ ತುಕ್ಕಿನ ಕೆಂಬಣ್ಣ. ಎಲೆ ಅಡಿಕೆ ಹಾಕಿ ಉಗಿದ ಹಾಗೆ ಕಾಣುತ್ತದೆ, ಸುಳ್ಳೇಕೆ ಹೇಳಲಿ. ನನ್ನ ಚಪ್ಪಟೆ ಬೂಟು ಒದ್ದೆಯಾಗಿ ಇಡೀ ದಿನ ಕಾಲು ಮರಗಟ್ಟಿತ್ತು. ಒಂದೇ ದಿನಕ್ಕೆ ನನ್ನ ಪಾಡು ಇದಾದರೆ, ವರ್ಷಕ್ಕೆ ನಾಲ್ಕು ತಿಂಗಳು, ಪೈಪು ಇಲ್ಲದ ಕಾಲದಲ್ಲಿ?

ಮೇಲೆ ಏರಿದ್ದು ಬೇಗ. 39ಕ್ಕೆ ಅಂಚೆ ಸಚಿವ. ಟಿ.ವಿ. ಕೇಂದ್ರಗಳಿಗೆ ಒಟ್ಟೊಟ್ಟಿಗೆ ಪರವಾನಗಿ ಕೊಟ್ಟು ದೇಶದ ಮೂಲೆ ಮೂಲೆಗೆ ಟಿ.ವಿ. ಹೋಗುವ ದಾರಿ ಮಾಡಿದರು, ಪತ್ರಿಕೆಯವರ ಗೆಳೆತನವನ್ನೂ ಗಳಿಸಿದರು. 44ಕ್ಕೆ ಹಣಕಾಸು ಸಚಿವ. ಈ ಇಲಾಖೆ ಅಂದರೆ ಟೋಕಿಯೋ ವಿಶ್ವವಿದ್ಯಾಲಯದ ಕಾನೂನು ವಿಭಾಗದವರ ಕೋಟೆ. ಮೊದಲ ದಿನ ಅಧಿಕಾರಿಗಳ ಮುಂದೆ ನಿಂತು, ನಾನು ಓದಿದ್ದು ಹಿರಿಯ ಪ್ರಾಥಮಿಕ ಶಾಲೆ, ನೀವೆಲ್ಲ ದೇಶದ ಜಾಣರಲ್ಲಿ ಜಾಣರು, ನಿಮಗೆ ತೋಚಿದ್ದು ನನ್ನ ಬಳಿ ಬಂದು ಹೇಳಿ, ಹೊಣೆ ಎಲ್ಲ ನನ್ನ ತಲೆ ಮೇಲೆ ಅಂತ ಹೇಳಿದರು ಅಂತಾರೆ. ಆಮೇಲೆ ಅವರೆಲ್ಲರ ಹೆಸರು, ಕೆಲಸಕ್ಕೆ ಸೇರಿದ ವರ್ಷ, ಮನೆ ಕಡೆ ವಿಚಾರ ಎಲ್ಲ ಬಾಯಿಪಾಠ. 'ಕಂಪ್ಯೂಟರ್ ಕೂರಿಸಿದ ಬುಲ್ಡೋಜರ್' ಅನ್ನುವ ಅಡ್ಡಹೆಸರು ಸುಮ್ನೆ ಬಂದದ್ದಲ್ಲ. 1965ರಲ್ಲಿ ಯಾಮಾಯಿಚಿ ಅನ್ನುವ ದೊಡ್ಡ ಷೇರು ಕಂಪನಿ ಮುಳುಗುವ ಹೊತ್ತಿಗೆ, ಬ್ಯಾಂಕಿನ ದೊಡ್ಡವರು ಹಿಂದೆ ಮುಂದೆ ನೋಡುತ್ತಿದ್ದಾಗ, ಗದರಿಸಿ ಕೇಂದ್ರ ಬ್ಯಾಂಕಿನಿಂದ ವಿಶೇಷ ಸಾಲ ಕೊಡಿಸಿ ಗಾಬರಿ ನಿಲ್ಲಿಸಿದ್ದೂ ಇವರೇ.

ಇಷ್ಟು ಹೊತ್ತಿಗೆ ಊರಲ್ಲಿ ಇನ್ನೊಂದು ಯಂತ್ರ ತಯಾರಾಗಿತ್ತು. ಹೆಸರು ಎತ್ಸುಝಾನ್‌ಕಾಯ್. ಜಪಾನಿನ ಪ್ರತಿ ರಾಜಕಾರಣಿಗೂ ಒಂದು 'ಕೋಎನ್‌ಕಾಯ್' ಇರುತ್ತದೆ, ಬೆಂಬಲಿಗರ ಕೂಟ. ಆಗಿನ ಪದ್ಧತಿಯಲ್ಲಿ ಒಂದೇ ಕ್ಷೇತ್ರದಿಂದ ಹಲವರು ಆಯ್ಕೆಯಾಗುತ್ತಿದ್ದರು, ತನಾಕಾ ಅವರ ನೀಗಾತಾ 3ನೇ ಕ್ಷೇತ್ರದಿಂದ ಐದು ಜನ. ಅಂದರೆ ಒಂದೇ ಪಕ್ಷದವರು ತಮ್ಮತಮ್ಮಲ್ಲೇ ಗುದ್ದಾಡಬೇಕು. ಪಕ್ಷದ ಹೆಸರು ಹೇಳಿ ಪ್ರಯೋಜನವಿಲ್ಲ, ನಾನು ನಿಮಗೆ ಏನು ಮಾಡಿದೆ ಅನ್ನುವುದೊಂದೇ ಬಂಡವಾಳ. ಅದಕ್ಕೆ ಬೇಕು ದುಡ್ಡು. ಎತ್ಸುಝಾನ್‌ಕಾಯ್ ಈ ಆಟದಲ್ಲಿ ಎಲ್ಲರನ್ನೂ ಮೀರಿಸಿತು. ಊರೂರಿಗೆ ಶಾಖೆ, ಹತ್ತಾರು ಸಾವಿರ ಸದಸ್ಯರು. ಯಾವ ಹಳ್ಳಿಗೆ ಸೇತುವೆ, ಯಾವ ಹಳ್ಳಿಗೆ ಶಾಲೆ ಅಂತ ಕೆಳಗಿನಿಂದ ಪಟ್ಟಿ ಬರುತ್ತಿತ್ತು. ಚುನಾವಣೆಯಲ್ಲಿ ಯಾವ ಹಳ್ಳಿ ಎಷ್ಟು ಮತ ಕೊಟ್ಟಿತು ಅನ್ನುವುದೂ ಪಟ್ಟಿಯಲ್ಲೇ ಇರುತ್ತಿತ್ತು. ಕೆಲಸ ಸ್ಥಳೀಯ ಗುತ್ತಿಗೆದಾರರಿಗೆ, ಅವರಿಂದ ದೇಣಿಗೆ, ಮತ. ಚಳಿಗಾಲದಲ್ಲಿ ಊರು ಬಿಡಬೇಕಿದ್ದ ಗಂಡಸರಿಗೆ ಊರಲ್ಲೇ ಕೂಲಿ.

ಟೋಕಿಯೋದ ಮೆಜಿರೋದಲ್ಲಿ ತನಾಕಾ ಅವರ ದೊಡ್ಡ ಬಂಗಲೆ. ಬೆಳಗಾದರೆ ಅಲ್ಲಿ ಅರ್ಜಿ ಹಿಡಿದವರ ಸಾಲು. ಒಬ್ಬೊಬ್ಬರಿಗೆ ಮೂರು ನಿಮಿಷ. ಆಗುತ್ತದೆ ಅಂದರೆ ಆಗುತ್ತದೆ, ಆಗುವುದಿಲ್ಲ ಅಂದರೆ ಅಲ್ಲೇ ಆಗುವುದಿಲ್ಲ. ಆಮೇಲೆ ಮರದ ಚಪ್ಪಲಿ ಮೆಟ್ಟಿ ಕೊಳದ ಬಣ್ಣದ ಮೀನುಗಳಿಗೆ ತಿಂಡಿ ಹಾಕುವುದು. ಆ ಮೀನೂ ಅವರ ನೀಗಾತಾದ ಬೆಟ್ಟದ ಹಳ್ಳಿಗಳಲ್ಲೇ ಸಾಕಿ ಬೆಳೆಸಿದ ತಳಿ.

1972ರ ಜುಲೈನಲ್ಲಿ ಆಳುವ ಲಿಬರಲ್ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ಫುಕುದಾ ತಾಕೆಒ ಜೊತೆ ನೇರ ಹಣಾಹಣಿ. ಗೆದ್ದವರೇ ಪ್ರಧಾನಿ. ಫುಕುದಾ ಟೋಕಿಯೋ ವಿಶ್ವವಿದ್ಯಾಲಯ, ಹಣಕಾಸು ಇಲಾಖೆ, ಎಲ್ಲ ಇದ್ದವರು. 282ಕ್ಕೆ 190. ದುಡ್ಡು ಧಾರಾಳ ಹರಿಯಿತು ಅಂತ ಆಗಲೇ ಮಾತಿತ್ತು. ಆದರೆ ದೇಶ ಮಾತ್ರ ಹುಚ್ಚೆದ್ದು ಕುಣಿಯಿತು. 54ನೇ ವಯಸ್ಸಿಗೆ, ಕಾಲೇಜು ಮೆಟ್ಟಿಲು ಹತ್ತದ ಪ್ರಧಾನಿ! ಪತ್ರಿಕೆಗಳು 'ಈ ಕಾಲದ ಹಿದೆಯೋಶಿ' ಅಂದವು. ಹಿದೆಯೋಶಿ ಅಂದರೆ 16ನೇ ಶತಮಾನದಲ್ಲಿ ರೈತನ ಮಗನಾಗಿ ಹುಟ್ಟಿ ಇಡೀ ಜಪಾನನ್ನು ಆಳಿದವನು. ಅದಕ್ಕೆ ತಿಂಗಳ ಮುಂಚೆ ತನಾಕಾ ಹೆಸರಲ್ಲಿ ಬಂದಿದ್ದ 'ಜಪಾನ್ ದ್ವೀಪಗಳ ಮರುರಚನೆ' ಅನ್ನುವ ಪುಸ್ತಕ 9 ಲಕ್ಷಕ್ಕೂ ಜಾಸ್ತಿ ಖರ್ಚಾಯಿತು. ಅದರ ಸಾರ ಇಷ್ಟೇ: ಬುಲೆಟ್ ರೈಲು, ಹೆದ್ದಾರಿಯ ಬಲೆ ನೇಯ್ದು, ಕಾರ್ಖಾನೆಗಳನ್ನು ಟೋಕಿಯೋ ಮಗ್ಗುಲಿನಿಂದ ಹಿತ್ತಿಲಿಗೆ ಸಾಗಿಸಬೇಕು.

ಎರಡೂವರೆ ತಿಂಗಳಲ್ಲಿ ಬೀಜಿಂಗ್. ನಿಕ್ಸನ್ ಹಿಂದಿನ ವರ್ಷ ಜಪಾನಿಗೆ ಹೇಳದೆ ಕೇಳದೆ ಚೀನಾಗೆ ಹೋಗುತ್ತೇನೆ ಅಂತ ಘೋಷಿಸಿ ಟೋಕಿಯೋಗೆ ಮುಖಭಂಗ ಮಾಡಿದ್ದರು. ತನಾಕಾ, ವಿದೇಶ ಸಚಿವ ಓಹಿರಾ ಇಬ್ಬರೂ ಹೊರಟರು. ಮೊದಲ ರಾತ್ರಿಯ ಔತಣದಲ್ಲೇ ಎಡವಟ್ಟು. ಯುದ್ಧಕಾಲದಲ್ಲಿ ಚೀನಾದ ಜನಕ್ಕೆ 'ಮೇಯ್ವಾಕು' ಆಯಿತು ಎಂದು ವಿಷಾದ ಹೇಳಿದರು. ಜಪಾನಿಯಲ್ಲಿ ಅದಕ್ಕೆ ಸ್ವಲ್ಪ ತೂಕ ಇದೆ. ಚೀನಿಗೆ ಅನುವಾದ ಮಾಡಿದಾಗ 'ತೊಂದರೆ ಕೊಟ್ವಿ' ಅಂತ ಆಯಿತು. ಚೀನಾದ ಪ್ರಧಾನಿ ಚೌ ಎನ್‌ಲಾಯ್ ಮರುದಿನ, ಹೆಂಗಸಿನ ಲಂಗಕ್ಕೆ ನೀರು ಚಿಮ್ಮಿದರೆ ಹೇಳುವ ಮಾತಿದು ಅಂತ ಆಕ್ಷೇಪ ಎತ್ತಿದರು. ಲಕ್ಷ ಲಕ್ಷ ಜನ ಸತ್ತ ನೆಲದಲ್ಲಿ ಒಂದು ಪದ ಹೀಗೆ ಜಾರಿತು. ಎರಡು ರಾತ್ರಿ ಕಳೆದ ಮೇಲೆ ಮಾವೋ ಕರೆಸಿಕೊಂಡು, ಜಗಳ ಮುಗೀತಾ ಅಂತ ಕೇಳಿದರು. ಸೆಪ್ಟೆಂಬರ್ 29ರಂದು ಸಹಿ. ಚೀನಾ ಯುದ್ಧ ಪರಿಹಾರ ಕೇಳುವುದಿಲ್ಲ ಅಂದಿತು, ಜಪಾನ್ ತೈವಾನ್ ಜೊತೆಗಿನ ನಂಟು ಕಡಿದುಕೊಂಡಿತು. ಅಕ್ಟೋಬರಿನಲ್ಲಿ ಎರಡು ಪಾಂಡಾ ಬಂದವು, ಕಾಂಗ್‌ಕಾಂಗ್ ಮತ್ತು ಲಾನ್‌ಲಾನ್, ಟೋಕಿಯೋದ ಉಎನೋ ಮೃಗಾಲಯಕ್ಕೆ. ಜನ ಮುಗಿಬಿದ್ದರು.

ಅಲ್ಲಿಂದ ಇಳಿಜಾರು, ಬೇಗ ಹೇಳಿ ಮುಗಿಸುತ್ತೇನೆ. ಎಲ್ಲೆಲ್ಲಿ ರೈಲು ಬರುತ್ತದೆ, ಕಾರ್ಖಾನೆ ಬರುತ್ತದೆ ಅಂತ ಪುಸ್ತಕದಲ್ಲಿ ಸುಳಿವು ಇದ್ದ ಮೇಲೆ ಭೂಮಿ ಕೊಳ್ಳುವವರು ಸುಮ್ಮನಿರುತ್ತಾರಾ? ನೆಲದ ಬೆಲೆ ಗಗನಕ್ಕೆ. ಅದರ ಮೇಲೆ 1973ರ ಅಕ್ಟೋಬರಿನಲ್ಲಿ ತೈಲದ ಪೆಟ್ಟು. ಟಾಯ್ಲೆಟ್ ಪೇಪರ್ ಸಿಗುವುದಿಲ್ಲ ಅನ್ನುವ ಗಾಳಿಸುದ್ದಿಗೆ ಹೆಂಗಸರು ಅಂಗಡಿ ಮುಂದೆ ನೂಕಾಡಿದರು. 1974ರಲ್ಲಿ ಬೆಲೆ ಏರಿಕೆ ಶೇಕಡಾ 20 ದಾಟಿತು. ಹಣಕಾಸು ಸಚಿವರು ಹಠಾತ್ತನೆ ತೀರಿಕೊಂಡಾಗ, ಸೋಲಿಸಿದ್ದ ಫುಕುದಾ ಅವರನ್ನೇ ಕೈಮುಗಿದು ಕರೆಯಬೇಕಾಯಿತು. ಅವರು ಬಂದವರೇ ಮರುರಚನೆಯ ಯೋಜನೆಯನ್ನು ಮೂಲೆಗೆ ಸರಿಸಿದರು.

1974ರ ಅಕ್ಟೋಬರಿನಲ್ಲಿ 'ಬುಂಗೇಯ್ ಶುಂಜೂ' ಮಾಸಪತ್ರಿಕೆಯಲ್ಲಿ ತಾಚಿಬಾನಾ ತಾಕಾಶಿ ಅನ್ನುವ ಯುವ ಬರಹಗಾರರ ಉದ್ದನೆಯ ಲೇಖನ ಬಂತು. ಗುಟ್ಟಿನ ದಾಖಲೆ ಏನೂ ಇರಲಿಲ್ಲ. ಭೂಮಿಯ ನೋಂದಣಿ, ಕಂಪನಿಗಳ ದಾಖಲೆ, ರಾಜಕೀಯ ದೇಣಿಗೆಯ ವರದಿ, ಎಲ್ಲ ಯಾರು ಬೇಕಾದರೂ ಹೋಗಿ ನೋಡಬಹುದಾದ ಕಾಗದ. ಅವನ್ನು ಕೂಡಿಸಿ ಕಳೆದು ತೋರಿಸಿದರು. ಉದಾಹರಣೆಗೆ ನಾಗಾವೋಕಾ ಬಳಿಯ ಶಿನಾನೋ ನದಿಯ ಪಾತ್ರದ ಜಮೀನು. ಪ್ರವಾಹಕ್ಕೆ ಮುಳುಗುವ ಆ ನೆಲವನ್ನು ತನಾಕಾ ನಂಟಿನ ಕಂಪನಿ ರೈತರಿಂದ ಅಗ್ಗಕ್ಕೆ ಕೊಂಡಿತು. ಆಮೇಲೆ ಸರ್ಕಾರ ಗಟ್ಟಿ ಒಡ್ಡು ಕಟ್ಟಿತು, ಸೇತುವೆ ಕಟ್ಟಿತು. ಬೆಲೆ ಎಷ್ಟು ಪಟ್ಟು ಆಗಿರಬಹುದು ಅಂತ ನೀವೇ ಊಹಿಸಿ. ನನಗೆ ಬೇಜಾರಾಗುವ ಸಂಗತಿ ಬೇರೆ ಇದೆ. ದಿನಾ ಪ್ರಧಾನಿಯ ಹಿಂದೆ ಸುತ್ತುತ್ತಿದ್ದ ರಾಜಕೀಯ ವರದಿಗಾರರಿಗೆ ಇದು ಹೊಸದೇನಾಗಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ವಿಷಯವೇ ಅಂದರು. ಗೊತ್ತಿದ್ದೂ ಬರೆದಿರಲಿಲ್ಲ. ವಿದೇಶಿ ಪತ್ರಕರ್ತರ ಕೂಟದಲ್ಲಿ ತನಾಕಾ ಅವರಿಗೆ ಒರಟು ಪ್ರಶ್ನೆಗಳು ಬಿದ್ದ ಮೇಲಷ್ಟೇ ಅಲ್ಲಿಯ ದಿನಪತ್ರಿಕೆಗಳು ಎದ್ದು ಕೂತವು. ಡಿಸೆಂಬರಿನಲ್ಲಿ ತನಾಕಾ ಕುರ್ಚಿ ಬಿಟ್ಟರು. ಒಟ್ಟು ಎರಡು ವರ್ಷ ಐದು ತಿಂಗಳು.

ಶುರುವಿನಲ್ಲಿ ಹೇಳಿದ ವಿಮಾನ ಕಂಪನಿಯ ಲಂಚ, ಅಂದರೆ ಅಮೆರಿಕದ ಲಾಕ್‌ಹೀಡ್ ಕಂಪನಿಯ ಹಗರಣ, ಹೊರಬಿದ್ದದ್ದು ಅದಾದ ಮೇಲೆ, 1976ರ ಫೆಬ್ರವರಿಯಲ್ಲಿ, ಅದೂ ಅಮೆರಿಕದ ಸೆನೆಟ್ ಸಮಿತಿಯಲ್ಲಿ. ಜಪಾನಿನ ವಿಮಾನಯಾನ ಸಂಸ್ಥೆ ಆಲ್ ನಿಪ್ಪಾನ್ ಏರ್‌ವೇಸ್ ತಮ್ಮ ಟ್ರೈಸ್ಟಾರ್ ವಿಮಾನ ಕೊಳ್ಳಲಿ ಅಂತ ಜಪಾನಿನ ದೊಡ್ಡವರಿಗೆ ಹಣ ಕೊಟ್ಟಿದ್ದೇವೆ ಎಂದು ಕಂಪನಿಯವರೇ ಒಪ್ಪಿಕೊಂಡರು. ಮಾರುಬೇನಿ ಅನ್ನುವ ವ್ಯಾಪಾರಿ ಸಂಸ್ಥೆಯ ಮೂಲಕ ತನಾಕಾಗೆ ಬಂದದ್ದು 50 ಕೋಟಿ ಯೆನ್, ನಾಲ್ಕು ಕಂತಿನಲ್ಲಿ, ರಟ್ಟಿನ ಡಬ್ಬಗಳಲ್ಲಿ. ಒಂದು ಕಂತು ಬ್ರಿಟಿಷ್ ರಾಯಭಾರ ಕಚೇರಿಯ ಹಿಂದಿನ ಬೀದಿಯಲ್ಲಿ ಕೈ ಬದಲಾಯಿತು ಅಂತ ಸರ್ಕಾರಿ ವಕೀಲರು ಹೇಳಿದರು. ರಸೀದಿಯಲ್ಲಿ 'ಕಡಲೆಕಾಯಿ 100' ಅಂತ ಬರೆದಿತ್ತು. ಒಂದು ಕಡಲೆಕಾಯಿಗೆ 10 ಲಕ್ಷ ಯೆನ್. ಸಹಾಯ ಕೇಳಲು ಬಂದ ಮಾರುಬೇನಿಯವರಿಗೆ ತನಾಕಾ 'ಯೊಶ್ಶಾ, ಯೊಶ್ಶಾ' ಅಂದರಂತೆ. ಆಯ್ತು ಆಯ್ತು, ಬಿಡಿ ಅಂತ. ಮೆಜಿರೋದಲ್ಲಿ ಸೇತುವೆ ಕೇಳಿ ಬಂದ ರೈತನಿಗೂ ಇದೇ ಮಾತು, ವಿಮಾನ ಮಾರಲು ಬಂದವರಿಗೂ ಇದೇ ಮಾತು. ಜುಲೈ 27ಕ್ಕೆ ಬಂಧನ.

ಕೊನೆಯವರೆಗೂ ತನಾಕಾ ತಪ್ಪು ಒಪ್ಪಲಿಲ್ಲ. ಅಮೆರಿಕದ ಮಾತು ಕೇಳದೆ ಚೀನಾ ಕಡೆ ಹೋದದ್ದಕ್ಕೆ, ತೈಲಕ್ಕೆ ಬೇರೆ ದಾರಿ ಹುಡುಕಿದ್ದಕ್ಕೆ ಅವರನ್ನು ಸಿಕ್ಕಿಹಾಕಿಸಿದರು ಅನ್ನುವವರು ಜಪಾನಿನಲ್ಲಿ ಇವತ್ತೂ ಬೇಕಾದಷ್ಟಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಒಳಸಂಚು ಇದ್ದಿರಲಿ ಬಿಡಲಿ, ಡಬ್ಬದಲ್ಲಿದ್ದದ್ದು ದುಡ್ಡೇ.

ಪಕ್ಷ ಬಿಟ್ಟರು, ಆದರೆ ಹಿಡಿತ ಬಿಡಲಿಲ್ಲ. ಹೊರಗೆ ನಿಂತು ನೂರಕ್ಕೂ ಹೆಚ್ಚು ಸಂಸದರ ಬಣ ಬೆಳೆಸಿದರು. ಓಹಿರಾ, ಸುಜುಕಿ, ನಾಕಾಸೋನೆ, ಮೂವರೂ ಅವರ ಬಲದಿಂದ ಪ್ರಧಾನಿಗಳಾದರು. 'ಯಾಮಿ ಶೋಗುನ್', ಕತ್ತಲ ದೊರೆ, ಅಂತ ಹೆಸರು ಬಂತು. ನಾಕಾಸೋನೆ ಸರ್ಕಾರವನ್ನು ಪತ್ರಿಕೆಗಳು 'ತನಾಕಾಸೋನೆ' ಸರ್ಕಾರ ಅಂತ ಗೇಲಿ ಮಾಡಿದವು. ಈ ನಡುವೆ 1982ರ ನವೆಂಬರಿನಲ್ಲಿ ಬುಲೆಟ್ ರೈಲು ನೀಗಾತಾ ತಲುಪಿತು. ಉಡಾಯಿಸುತ್ತೇನೆ ಅಂದಿದ್ದ ಬೆಟ್ಟದ ಸಾಲಿನ ಹೊಟ್ಟೆಯಲ್ಲಿ 22 ಕಿಲೋಮೀಟರ್ ಉದ್ದದ ಸುರಂಗ.

ಈಗ ಮತ್ತೆ ಆ 2,20,761ಕ್ಕೆ ಬನ್ನಿ. ಹೊರಗಿನವರಿಗೆ ಅದು ಲಂಚಕೋರನಿಗೆ ಕೊಟ್ಟ ಮತ. ಬರೆದವರಿಗೆ ಅದು ಋಣ. ಕನ್ನಡದಲ್ಲಿ ನಮಗೆ ಈ ಪದ ಚೆನ್ನಾಗಿ ಗೊತ್ತು, ಅನ್ನದ ಋಣ ಅಂತೀವಲ್ಲ. ಜಪಾನಿಯಲ್ಲಿ 'ಓನ್' ಅನ್ನುತ್ತಾರೆ. ಮುಖ್ಯ ಬೀದಿಯವರೆಲ್ಲ ಈತನನ್ನು ಕೈಬಿಟ್ಟ ದಿನ ನಾವೂ ಬಿಟ್ಟರೆ ನಾವು ಮನುಷ್ಯರಾ, ಅನ್ನುವುದು ಅವರ ಲೆಕ್ಕ. ಹಾಗಂತ ಅವರು ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆ ಋಣದ ಬೆಲೆಯನ್ನು ಇಡೀ ದೇಶ ತೆತ್ತಿತು. ಜನ ಕಮ್ಮಿಯಾದ ಕಣಿವೆಗಳಿಗೂ ಕೋಟಿಗಟ್ಟಲೆ ಕಾಂಕ್ರೀಟು, ಕೊನೆಯಿಲ್ಲದ ಸರ್ಕಾರಿ ಸಾಲ. ಆದರೂ ಬೆನ್ನ ಮೇಲೆ ರೋಗಿಯನ್ನು ಹೊತ್ತು ಹಿಮ ದಾಟಿದವನಿಗೆ ಸುರಂಗ ದಂಡ ಅಂತ ಹೇಳುವ ಧೈರ್ಯ ನನಗಿಲ್ಲ.

ಕೊನೆಗೆ ಕೆಡವಿದ್ದು ನ್ಯಾಯಾಲಯವೂ ಅಲ್ಲ, ಮತದಾರರೂ ಅಲ್ಲ. ಸ್ವಂತ ಶಿಷ್ಯ ತಾಕೆಶಿತಾ ನೊಬೋರು 1985ರ ಫೆಬ್ರವರಿ 7ಕ್ಕೆ ಬಣದೊಳಗೇ ಬೇರೆ ಕೂಟ ಕಟ್ಟಿದರು. ತಾನು ಇರುವವರೆಗೆ ಬಣದಿಂದ ಬೇರೆ ಯಾರೂ ಮೇಲೇಳಬಾರದು ಅನ್ನುವುದು ಹಿರಿಯರ ಹಠ, ಎಷ್ಟು ದಿನ ಕಾಯುವುದು ಅನ್ನುವುದು ಕಿರಿಯರ ಸಂಕಟ. ತನಾಕಾ ಕೋಪದಲ್ಲಿ ಹಗಲೂ ಓಲ್ಡ್ ಪಾರ್ ವಿಸ್ಕಿ ಸುರಿದುಕೊಂಡರು. ಇಪ್ಪತ್ತು ದಿನಕ್ಕೆ, ಫೆಬ್ರವರಿ 27ಕ್ಕೆ, ಪಾರ್ಶ್ವವಾಯು. ಉಗ್ಗನ್ನು ಹಾಡಿ ಹಾಡಿ ಗೆದ್ದಿದ್ದ ಮನುಷ್ಯನಿಗೆ ಮಾತು ಹೋಯಿತು.

1986ರ ಚುನಾವಣೆಯಲ್ಲಿ ಅವರು ಒಂದು ದಿನವೂ ಊರಿಗೆ ಬರಲಿಲ್ಲ, ಒಂದು ಮಾತೂ ಆಡಲಿಲ್ಲ. ಆದರೂ ಸುಮಾರು 1 ಲಕ್ಷ 79 ಸಾವಿರ ಮತ ಬಿದ್ದು ಮೊದಲ ಸ್ಥಾನ. ಗೆದ್ದ ಮೇಲೆ ಸಂಸತ್ತಿಗೂ ಹೋಗಲಿಲ್ಲ. 1990ರಲ್ಲಿ ರಾಜಕೀಯದಿಂದ ನಿವೃತ್ತಿ. 1992ರಲ್ಲಿ ಚೀನಾದ ಆಹ್ವಾನದ ಮೇಲೆ ಗಾಲಿಕುರ್ಚಿಯಲ್ಲಿ ಮತ್ತೊಮ್ಮೆ ಬೀಜಿಂಗ್ ನೋಡಿ ಬಂದರು. 1993ರ ಡಿಸೆಂಬರ್ 16ರಂದು, 75ನೇ ವಯಸ್ಸಿಗೆ, ತೀರಿಕೊಂಡರು. ಕೇಸು ಇನ್ನೂ ಸುಪ್ರೀಂ ಕೋರ್ಟಿನಲ್ಲಿತ್ತು, ಅವರ ಜೊತೆಗೇ ಮುಗಿಯಿತು.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. ಇಷ್ಟೆಲ್ಲ ರಸ್ತೆ, ರೈಲು ಬಂದ ಮೇಲೆ ನೀಗಾತಾ ಉದ್ಧಾರ ಆಯಿತಾ ಅಂತ. ಬದುಕು ಸುಲಭವಾಯಿತು, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಟೋಕಿಯೋದಿಂದ ಎರಡು ಗಂಟೆಯಲ್ಲಿ ಬರಬಹುದಾದ ಊರಿನಿಂದ ಎರಡು ಗಂಟೆಯಲ್ಲಿ ಹೋಗಲೂಬಹುದು. ಹುಡುಗರು ಹೋದರು. 25 ಲಕ್ಷದ ಹತ್ತಿರ ಇದ್ದ ಪ್ರಾಂತ್ಯದ ಜನಸಂಖ್ಯೆ ಈಗ 21 ಲಕ್ಷದ ಆಸುಪಾಸು. ತನಾಕಾ ಹುಟ್ಟೂರಿನ ಮಗ್ಗುಲಲ್ಲೇ ಕಾಶಿವಾಝಾಕಿ-ಕಾರಿವಾ ಅಣುಸ್ಥಾವರ ಇದೆ, ಏಳು ರಿಯಾಕ್ಟರು, ಸಾಮರ್ಥ್ಯದಲ್ಲಿ ಜಗತ್ತಿನಲ್ಲೇ ದೊಡ್ಡದು. ಅಂಥ ಸ್ಥಾವರ ಇಟ್ಟುಕೊಳ್ಳುವ ಊರುಗಳಿಗೆ ಅನುದಾನ ಕೊಡುವ ಕಾನೂನು 1974ರಲ್ಲಿ ಅವರ ಸರ್ಕಾರವೇ ತಂದದ್ದು. ಅಲ್ಲಿ ಹುಟ್ಟುವ ಕರೆಂಟು ಬೆಟ್ಟ ದಾಟಿ ಟೋಕಿಯೋ ಕಡೆ ಹೋಗುತ್ತದೆ. ನೀಗಾತಾದ ಮನೆಗಳಿಗೆ ಕರೆಂಟು ಕೊಡುವುದು ಬೇರೆ ಕಂಪನಿ.

ಆ ಬುಲೆಟ್ ರೈಲಿನ ದಾರಿಯಲ್ಲಿ ಉರಾಸಾ ಅನ್ನುವ ಸಣ್ಣ ನಿಲ್ದಾಣ ಸಿಗುತ್ತದೆ. ಇಳಿಯುವವರು ಹೆಚ್ಚಿಲ್ಲ. ಹೊರಗೆ ಬಂದರೆ ತನಾಕಾ ಅವರ ಕಂಚಿನ ಪ್ರತಿಮೆ, ಬಲಗೈ ಎತ್ತಿ ನಿಂತಿರುವುದು. ಮೊದಲು ಅದು ಬಯಲಲ್ಲೇ ಇತ್ತಂತೆ. ಚಳಿಗಾಲದಲ್ಲಿ ತಲೆ ಮೇಲೆ, ಭುಜದ ಮೇಲೆ ಹಿಮ ಕೂರುತ್ತದೆ ಅಂತ ಆಮೇಲೆ ಅದಕ್ಕೊಂದು ಸೂರು ಹಾಕಿಸಿದರು.